ರೂಕಿ ಟೈಟ್ ಎಂಡ್: ಹೆಸರು ಬಿಡಿ, ರೂಟ್ ಎಣಿಸಿ

ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಆಟಗಾರರ ಅಂಕಿಗಳಿಗೆ ಪಾಯಿಂಟ್ ಎಣಿಸಿ ಆಡುವ ಆಟದಲ್ಲಿ, ರೂಕಿ (ಮೊದಲ ವರ್ಷದ) ಟೈಟ್ ಎಂಡ್‌ನನ್ನು ತೂಗುವುದು ಹೇಗೆ ಅನ್ನುವುದು ಇಲ್ಲಿನ ಮಾತು. ಟೈಟ್ ಎಂಡ್ ಅಂದರೆ ಬ್ಲಾಕ್ ಮಾಡುವ (ಎದುರಾಳಿಯನ್ನು ತಡೆಯುವ), ಪಾಸ್ ಹಿಡಿಯುವ ಎರಡೂ ಕೆಲಸದ ಆಟಗಾರ; ರೂಟ್ ಅಂದರೆ ಪಾಸ್ ಹಿಡಿಯಲು ಅವನು ಓಡುವ ಹಾದಿ. ಡೆಟ್ರಾಯಿಟ್ ಲಯನ್ಸ್ 2019ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ವ್ಯವಸ್ಥೆ) 8ನೇ ಪಿಕ್ ಸುರಿದು ಅಯೋವಾ ಕಾಲೇಜಿನ ಟಿ.ಜೆ. ಹಾಕೆನ್ಸನ್‌ನನ್ನು ತಂದಿತು. ನಾಲ್ಕು ವರ್ಷ ಕಳೆದ ಮೇಲೆ, 2023ರಲ್ಲಿ, ಅದೇ ತಂಡ ಅದೇ ಅಯೋವಾದಿಂದ 34ನೇ ಪಿಕ್‌ಗೆ ಸ್ಯಾಮ್ ಲಪೋರ್ಟಾನನ್ನು ತಂದಿತು. ಮೊದಲನೆಯವನ ರೂಕಿ ವರ್ಷ: 32 ಕ್ಯಾಚ್, 367 ಯಾರ್ಡ್, 2 ಟಚ್‌ಡೌನ್. ಎರಡನೆಯವನದು: 86 ಕ್ಯಾಚ್, 889 ಯಾರ್ಡ್, 10 ಟಚ್‌ಡೌನ್. ಈ ಅಂಕಿಗಳಿಗೆ ಪಿಪಿಆರ್ ಲೆಕ್ಕದಲ್ಲಿ (ಕ್ಯಾಚ್‌ಗೆ 1, ಹತ್ತು ಯಾರ್ಡ್‌ಗೆ 1, ಟಚ್‌ಡೌನ್‌ಗೆ 6) 80.7 ಪಾಯಿಂಟ್ ಒಂದು ಕಡೆ, 234.9 ಇನ್ನೊಂದು ಕಡೆ. ಕಾಲೇಜು ಒಂದೇ, ಜರ್ಸಿ ಒಂದೇ, ಪೊಸಿಷನ್ ಒಂದೇ. ಹೆಚ್ಚು ಬೆಲೆ ತೆತ್ತು ತಂದವನಿಂದ ಸಿಕ್ಕಿದ್ದು ಮೂರನೇ ಒಂದು ಪಾಲು.

ಇದನ್ನು ಪ್ರತಿಭೆಯ ವ್ಯತ್ಯಾಸ ಅಂತ ಓದಿದರೆ ತಪ್ಪುತ್ತೀರಿ. ಹಾಕೆನ್ಸನ್ ಮುಂದೆ ಒಳ್ಳೆಯ ಟೈಟ್ ಎಂಡೇ ಆದ. ಎರಡನೇ ವರ್ಷವೇ 67 ಕ್ಯಾಚ್, 723 ಯಾರ್ಡ್. ಬೇರೆ ಇದ್ದದ್ದು ಕೆಲಸದ ಜಾಗ. 2019ರಲ್ಲಿ ಲಯನ್ಸ್‌ನಲ್ಲಿ ಕೆನ್ನಿ ಗಾಲಡೇ, ಮಾರ್ವಿನ್ ಜೋನ್ಸ್, ಡ್ಯಾನಿ ಅಮೆಂಡೋಲಾ ಮೂವರೂ ಚೆಂಡಿಗೆ ಸಾಲಿನಲ್ಲಿದ್ದರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್ 8 ಪಂದ್ಯಕ್ಕೇ ಬೆನ್ನುನೋವಿನಿಂದ ಕೂತ. 2023ರ ಹೊತ್ತಿಗೆ ಹಾಕೆನ್ಸನ್‌ನನ್ನು ಮಿನೆಸೋಟಾಗೆ ಟ್ರೇಡ್ ಮಾಡಿ ಆಗಿತ್ತು, ಟೈಟ್ ಎಂಡ್ ಕುರ್ಚಿ ಖಾಲಿ. ಅಮಾನ್-ರಾ ಸೇಂಟ್ ಬ್ರೌನ್ ಬಿಟ್ಟರೆ ಎರಡನೇ ಟಾರ್ಗೆಟ್ (ಪಾಸ್‌ಗೆ ಗುರಿಯಾಗುವ ಆಳು) ಯಾರು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಜೇಮ್ಸನ್ ವಿಲಿಯಮ್ಸ್ ಮೊದಲ 4 ಪಂದ್ಯ ಅಮಾನತಿನಲ್ಲಿದ್ದ. ಚೆಂಡು ಎಸೆಯುವವನು ಜ್ಯಾರೆಡ್ ಗಾಫ್, ಆಟ ಹೆಣೆಯುವವನು ಬೆನ್ ಜಾನ್ಸನ್. ಲಪೋರ್ಟಾ ಮೊದಲ ಮೂರು ವಾರದಲ್ಲೇ 18 ಕ್ಯಾಚ್ ಹಿಡಿದ.

ಹಾಗಾಗಿ ರೂಕಿ ಟೈಟ್ ಎಂಡ್‌ನನ್ನು ತೂಗುವಾಗ ಕೇಳಬೇಕಾದ ಮೊದಲ ಪ್ರಶ್ನೆ "ಇವನು ಎಷ್ಟು ಒಳ್ಳೆಯವನು" ಅಲ್ಲ. "ತಂಡ ಪಾಸ್ ಎಸೆಯುವ ಹೊತ್ತಿಗೆ ಇವನು ಎಲ್ಲಿರುತ್ತಾನೆ, ಇವನಿಗಿಂತ ಮೊದಲು ಚೆಂಡು ಕೇಳುವವರು ಎಷ್ಟು ಜನ" ಅನ್ನುವುದು. ಪ್ರತಿಭೆಯ ಲೆಕ್ಕ ಆಮೇಲೆ ಬರುತ್ತದೆ.

ಇವರಿಗೇ ಯಾಕೆ ತಡ

ಪಾಸ್ ಹಿಡಿಯುವ ರಿಸೀವರ್‌ಗಳು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳು ಮೊದಲ ವರ್ಷವೇ ಲೀಗ್ ಗೆಲ್ಲಿಸಿಕೊಡುವುದುಂಟು. ಟೈಟ್ ಎಂಡ್ ವಿಷಯದಲ್ಲಿ ಅದು ಅಪರೂಪ, ಅದಕ್ಕೆ ಗಟ್ಟಿ ಕಾರಣವೂ ಇದೆ. ಅವನು ಎರಡು ಪರೀಕ್ಷೆ ಒಟ್ಟಿಗೆ ಬರೆಯಬೇಕು. ಓಟದ ಆಟದಲ್ಲಿ ಅವನು ಆಫೆನ್ಸಿವ್ ಲೈನ್‌ನ ಆರನೇ ಆಳು: ತನಗಿಂತ 20-30 ಪೌಂಡ್ ಹೆಚ್ಚು ತೂಗುವ ಡಿಫೆನ್ಸಿವ್ ಎಂಡ್‌ನ ಹೊರ ಭುಜ ಹಿಡಿದು ತಿರುಗಿಸಬೇಕು. ಪಾಸ್ ಆಟದಲ್ಲಿ ಅದೇ ಎಂಡ್‌ಗೆ ಒಂದು ಭುಜದ ಪೆಟ್ಟು ಕೊಟ್ಟು, ಆಮೇಲೆ ರೂಟ್‌ಗೆ ಹೊರಡಬೇಕು. ಬ್ಲಿಟ್ಜ್ ಬಂದರೆ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗಿದರೆ, ರೂಟ್ ಬಿಟ್ಟು ನಿಲ್ಲಬೇಕೋ, ರೂಟ್ ಮೊಟಕು ಮಾಡಿ ಚೆಂಡಿಗೆ ತಿರುಗಬೇಕೋ ಅನ್ನುವುದನ್ನು ಸ್ನ್ಯಾಪ್ ಆದ (ಚೆಂಡು ಆಟಕ್ಕೆ ಬಂದ) ಕ್ಷಣದಲ್ಲಿ ತೀರ್ಮಾನಿಸಬೇಕು.

ಒಂದೇ ಒಂದು ಉದಾಹರಣೆ ಹತ್ತಿರದಿಂದ ನೋಡಿ. ಥರ್ಡ್ ಡೌನ್ (ಚೆಂಡು ಉಳಿಸಿಕೊಳ್ಳಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), 6 ಯಾರ್ಡ್ ಬೇಕು. ಟೈಟ್ ಎಂಡ್‌ಗೆ ಆಪ್ಷನ್ ರೂಟ್: 6 ಯಾರ್ಡ್ ಓಡಿ, ಎದುರು ಝೋನ್ (ಜಾಗ ಕಾಯುವ ರಕ್ಷಣೆ) ಇದ್ದರೆ ಲೈನ್‌ಬ್ಯಾಕರ್‌ಗಳ ನಡುವಿನ ಸಂದಿಯಲ್ಲಿ ನಿಂತು ತಿರುಗಬೇಕು, ಮ್ಯಾನ್ ಕವರೇಜ್ (ಆಳಿಗೊಬ್ಬ ಕಾವಲು) ಇದ್ದರೆ ಕಾವಲುಗಾರನ ಬೆನ್ನ ಹಿಂದಿಂದ ಹೊರಕ್ಕೆ ಮುರಿಯಬೇಕು. ಕ್ವಾರ್ಟರ್‌ಬ್ಯಾಕ್ ಕಾಯುವುದಿಲ್ಲ, ಇವನು ಮುರಿಯುವ ಮೊದಲೇ ಎಸೆಯುತ್ತಾನೆ. ಅವನು ಝೋನ್ ಅಂತ ಓದಿ, ಹುಡುಗ ಮ್ಯಾನ್ ಅಂತ ಓದಿದರೆ ಚೆಂಡು ನೇರ ಎದುರಾಳಿಯ ಎದೆಗೆ. ಟಿವಿಯಲ್ಲಿ ಬೈಗುಳ ಕ್ವಾರ್ಟರ್‌ಬ್ಯಾಕ್‌ಗೆ ಬೀಳುತ್ತದೆ. ಸೋಮವಾರದ ಮೀಟಿಂಗ್‌ನಲ್ಲಿ ಯಾರ ತಪ್ಪು ಅನ್ನುವುದು ಕೋಚ್‌ಗೆ ಗೊತ್ತಿರುತ್ತದೆ. ಮುಂದಿನ ವಾರ ಥರ್ಡ್ ಡೌನ್ ಬಂದ ಕೂಡಲೇ ಹುಡುಗ ಹೊರಗೆ, ಹತ್ತು ವರ್ಷ ಆಡಿದ ಹಳಬ ಒಳಗೆ. ನಿಮ್ಮ ಫ್ಯಾಂಟಸಿ ತಂಡಕ್ಕೆ ಆಗ ಸಿಗುವುದು ಫಸ್ಟ್ ಡೌನ್‌ನಲ್ಲಿ ಬ್ಲಾಕ್ ಮಾಡಿದ ಪುಣ್ಯ, ಅದಕ್ಕೆ ಪಾಯಿಂಟ್ ಇಲ್ಲ.

ಸ್ನ್ಯಾಪ್ ಶೇಕಡಾವಾರು (ತಂಡದ ಒಟ್ಟು ಸ್ನ್ಯಾಪ್‌ಗಳಲ್ಲಿ ಅವನು ಮೈದಾನದಲ್ಲಿದ್ದ ಪಾಲು) ನೋಡಿ ಮೋಸ ಹೋಗುವುದು ಇಲ್ಲೇ. ಶೇ. 70 ಸ್ನ್ಯಾಪ್ ಆಡಿದ ಟೈಟ್ ಎಂಡ್ ಅಂದರೆ ಕಿವಿಗೆ ಇಂಪು. ಆ ಸ್ನ್ಯಾಪ್‌ಗಳಲ್ಲಿ ಅರ್ಧ ಓಟದ ಬ್ಲಾಕಿಂಗ್, ಇನ್ನೊಂದಿಷ್ಟು ಪಾಸ್ ರಕ್ಷಣೆ ಆಗಿದ್ದರೆ ಅವನು ಜರ್ಸಿ ನಂಬರ್ ಬದಲಿಸಿಕೊಂಡ ಲೈನ್‌ಮನ್, ಅಷ್ಟೇ. ಜಾರ್ಜಿಯಾ ಕಾಲೇಜಿನ ಡಾರ್ನೆಲ್ ವಾಷಿಂಗ್ಟನ್ 6 ಅಡಿ 7 ಅಂಗುಲದ ಆಳು, 2023ರ ಮೂರನೇ ಸುತ್ತಿನಲ್ಲಿ ಸ್ಟೀಲರ್ಸ್ ಸೇರಿದ. ಬ್ಲಾಕಿಂಗ್‌ಗಾಗಿ ಮೈದಾನಕ್ಕೆ ಇಳಿಯುತ್ತಲೇ ಇದ್ದ. ವರ್ಷವಿಡೀ ಹಿಡಿದದ್ದು 7 ಕ್ಯಾಚ್. ತಂಡದ ಮಟ್ಟಿಗೆ ಅವನು ಉಪಯೋಗಿ ಆಟಗಾರನೇ, ನಮ್ಮ ಆಟಕ್ಕೆ ಮಾತ್ರ ಅಲ್ಲ.

ಎಣಿಸಬೇಕಾದ ಎರಡು ಅಂಕಿ

ಒಂದು, ರೂಟ್ ಪಾಲು. ಕ್ವಾರ್ಟರ್‌ಬ್ಯಾಕ್ ಪಾಸ್‌ಗೆಂದು ಹಿಂದೆ ಸರಿದ ಒಟ್ಟು ಸಲದಲ್ಲಿ ಎಷ್ಟು ಸಲ ಇವನು ರೂಟ್ ಓಡಿದ. ತಂಡ 36 ಸಲ ಹಿಂದೆ ಸರಿದು ಇವನು 28 ರೂಟ್ ಓಡಿದರೆ ಶೇ. 78. ಎರಡು, ಓಡಿದ ರೂಟ್‌ಗೆ ಎಷ್ಟು ಟಾರ್ಗೆಟ್, ಅಂದರೆ ಅವನ ಕಡೆಗೆ ಎಸೆದ ಪಾಸ್. 28 ರೂಟ್‌ಗೆ 6 ಟಾರ್ಗೆಟ್ ಬಂದರೆ ಶೇ. 21. ಮೊದಲನೆಯದು ಕೋಚ್‌ನ ನಂಬಿಕೆ ಹೇಳುತ್ತದೆ, ಎರಡನೆಯದು ಕ್ವಾರ್ಟರ್‌ಬ್ಯಾಕ್‌ನ ನಂಬಿಕೆ ಮತ್ತು ಹುಡುಗನ ಕೌಶಲ.

ನಾನು ಇಟ್ಟುಕೊಂಡಿರುವ ಗೆರೆಗಳು ಹೀಗಿವೆ. ರೂಟ್ ಪಾಲು ಶೇ. 75 ದಾಟಿದರೆ ಅವನು ಪೂರ್ಣಾವಧಿ ನೌಕರ. 60ರಿಂದ 75ರ ನಡುವೆ ಇದ್ದರೆ ವಾರ ವಾರ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುತ್ತೇನೆ. 50ಕ್ಕಿಂತ ಕೆಳಗಿದ್ದರೆ ಎರಡು ಟಚ್‌ಡೌನ್ ಹೊಡೆದಿದ್ದರೂ ಬೆಂಚಿಗೆ. ರೂಟ್‌ಗೆ ಟಾರ್ಗೆಟ್ ಶೇ. 20ರ ಮೇಲೆ ಚೆನ್ನ. 15ರ ಕೆಳಗೆ ಅಂದರೆ ಸುಮ್ಮನೆ ವ್ಯಾಯಾಮ. ಎರಡೂ ಒಟ್ಟಿಗೆ ಬೇಕು ಅನ್ನುವುದು ಇಲ್ಲಿನ ಸೂಕ್ಷ್ಮ. ಪಾಲು ಕಡಿಮೆ ಇದ್ದು ಟಾರ್ಗೆಟ್ ದರ ಹೆಚ್ಚಿದ್ದರೆ ಅದು ಮುಂದಿನ ವರ್ಷದ ಸುಳಿವು. ಪಾಲು ಹೆಚ್ಚಿದ್ದು ದರ ಕಡಿಮೆ ಇದ್ದರೆ ಅವನು ಬರೀ ಸೇಫ್ಟಿಯನ್ನು (ಹಿಂದೆ ನಿಂತು ಕಾಯುವ ಎದುರಾಳಿಯನ್ನು) ಎಳೆದೊಯ್ಯುವ ಎತ್ತು, ಬೆಳೆ ಕೊಯ್ಯುವವನು ಪಕ್ಕದ ರಿಸೀವರ್.

ಪಾಯಿಂಟ್‌ಗೆ ಇದನ್ನು ಹೀಗೆ ಇಳಿಸಿ. ಪಂದ್ಯಕ್ಕೆ 6 ಟಾರ್ಗೆಟ್, ಅದರಲ್ಲಿ ಶೇ. 70 ಕ್ಯಾಚ್ ಅಂದರೆ 4.2. ಕ್ಯಾಚ್‌ಗೆ 10 ಯಾರ್ಡ್ ಹಿಡಿದರೆ 42 ಯಾರ್ಡ್. ಪಿಪಿಆರ್‌ನಲ್ಲಿ 8.4, ಟಚ್‌ಡೌನ್ ಬಂದರೆ ಬೋನಸ್. ವಾರಕ್ಕೆ 8-9 ಪಾಯಿಂಟ್ ಕೊಡುವ ಟೈಟ್ ಎಂಡ್ 12 ತಂಡದ ಲೀಗ್‌ನಲ್ಲಿ ಅಂಚಿನ ಸ್ಟಾರ್ಟರ್. ಅದರಿಂದ ಮೇಲೇರಬೇಕಾದರೆ ಏಳು ಟಾರ್ಗೆಟ್ ಬೇಕು. ಲಪೋರ್ಟಾಗೆ 17 ಪಂದ್ಯದಲ್ಲಿ 120, ಅಂದರೆ ಪಂದ್ಯಕ್ಕೆ 7.1. 2017ರಲ್ಲಿ ಜೈಂಟ್ಸ್‌ನ ಇವಾನ್ ಇಂಗ್ರಮ್‌ಗೆ 15 ಪಂದ್ಯದಲ್ಲಿ 115, ಪಂದ್ಯಕ್ಕೆ 7.7. 2024ರಲ್ಲಿ ರೇಡರ್ಸ್‌ನ ಬ್ರಾಕ್ ಬವರ್ಸ್‌ಗೆ 153, ಸರಿಯಾಗಿ ಪಂದ್ಯಕ್ಕೆ 9.

ಈ ಮೂವರ ಸುತ್ತ ಏನಾಗಿತ್ತು ಅನ್ನುವುದನ್ನೂ ನೋಡಿ. ಇಂಗ್ರಮ್‌ನ ವರ್ಷ ಒಡೆಲ್ ಬೆಕಮ್, ಬ್ರ್ಯಾಂಡನ್ ಮಾರ್ಷಲ್ ಇಬ್ಬರೂ ಗಾಯಗೊಂಡು ಹೊರಬಿದ್ದರು. ಎಸೆಯಲು ಬೇರೆ ಯಾರೂ ಉಳಿದಿರಲಿಲ್ಲ. ಅವನ ಕ್ಯಾಚ್ ದರ ಶೇ. 56ರ ಆಸುಪಾಸು, 115ರಲ್ಲಿ 64. ಆದರೂ 722 ಯಾರ್ಡ್, 6 ಟಚ್‌ಡೌನ್. ಚೆಂಡು ಕೈಬಿಟ್ಟರೂ ಮತ್ತೆ ಅವನ ಕಡೆಗೇ ಬರುತ್ತಿತ್ತು. ಬವರ್ಸ್‌ನ ವರ್ಷ ಡವಾಂಟೆ ಆಡಮ್ಸ್ ರೇಡರ್ಸ್ ಪರ ಆಡಿದ್ದು 3 ಪಂದ್ಯ, ಆಮೇಲೆ ಅಕ್ಟೋಬರ್‌ನಲ್ಲಿ ಜೆಟ್ಸ್‌ಗೆ ಟ್ರೇಡ್. ತಂಡ 4-13, ಹೆಚ್ಚಿನ ಹೊತ್ತು ಹಿಂದೆ ಬಿದ್ದು ಪಾಸ್ ಎಸೆಯುತ್ತಲೇ ಇತ್ತು. ಗಾರ್ಡ್ನರ್ ಮಿನ್‌ಶೂ, ಏಡನ್ ಓಕಾನೆಲ್, ಡೆಸ್ಮಂಡ್ ರಿಡರ್ ಹೀಗೆ ಎಸೆಯುವವರು ಬದಲಾಗುತ್ತಲೇ ಹೋದರು, ಬವರ್ಸ್ ಬದಲಾಗಲಿಲ್ಲ: 112 ಕ್ಯಾಚ್, 1,194 ಯಾರ್ಡ್. ಯಾವುದೇ ಪೊಸಿಷನ್‌ನ ರೂಕಿಗಳಲ್ಲಿ ಅಷ್ಟು ಕ್ಯಾಚ್ ಅದುವರೆಗೆ ಯಾರೂ ಹಿಡಿದಿರಲಿಲ್ಲ. ಯಾರ್ಡ್‌ನಲ್ಲಿ 1961ರಿಂದ ನಿಂತಿದ್ದ ಮೈಕ್ ಡಿಟ್ಕಾನ 1,076ರ ಟೈಟ್ ಎಂಡ್ ದಾಖಲೆಯೂ ಹೋಯಿತು. ಕೆಟ್ಟ ಕ್ವಾರ್ಟರ್‌ಬ್ಯಾಕ್ ಇದ್ದಾನೆ ಅಂತ ಒಳ್ಳೆ ಟೈಟ್ ಎಂಡ್‌ನನ್ನು ಬಿಡಬೇಡಿ. ಕೆಟ್ಟ ಕ್ವಾರ್ಟರ್‌ಬ್ಯಾಕ್‌ಗಳು ದೂರ ಎಸೆಯಲು ಹೆದರುತ್ತಾರೆ, ಹತ್ತಿರದಲ್ಲಿ ಕಾಣುವವನು ಟೈಟ್ ಎಂಡ್.

ಅರ್ಟ್ಜ್ ಎಂಬ ಗೋಡೆ

ಮುಂದೆ ಯಾರಿದ್ದಾರೆ ಅನ್ನುವ ಪ್ರಶ್ನೆಗೆ ಝಾಕ್ ಅರ್ಟ್ಜ್‌ಗಿಂತ ಒಳ್ಳೆ ಪಾಠ ಬೇಕಿಲ್ಲ. 2013ರಲ್ಲಿ ಅವನೇ ರೂಕಿಯಾಗಿ 35ನೇ ಪಿಕ್‌ಗೆ ಫಿಲಡೆಲ್ಫಿಯಾ ಸೇರಿದಾಗ ಮುಂದೆ ಬ್ರೆಂಟ್ ಸೆಲೆಕ್ ಇದ್ದ. ಮೊದಲ ವರ್ಷ 36 ಕ್ಯಾಚ್‌ಗೆ ಮುಗಿಯಿತು. ಆಮೇಲೆ ಅವನೇ ಬೇರೆಯವರಿಗೆ ಸೆಲೆಕ್ ಆದ. 2022ರಲ್ಲಿ ಅರಿಝೋನಾ 55ನೇ ಪಿಕ್‌ಗೆ ಟ್ರೇ ಮೆಕ್‌ಬ್ರೈಡ್‌ನನ್ನು ತಂದಿತು. ನವೆಂಬರ್‌ನಲ್ಲಿ ಅರ್ಟ್ಜ್‌ನ ಮೊಣಕಾಲು ಹೋಗುವವರೆಗೂ ಹುಡುಗನಿಗೆ ಜಾಗ ಇರಲಿಲ್ಲ. ವರ್ಷದ ಲೆಕ್ಕ 29 ಕ್ಯಾಚ್, 265 ಯಾರ್ಡ್. 2023ರಲ್ಲಿ ಅರ್ಟ್ಜ್ ವಾಪಸ್ ಬಂದ, ಮೆಕ್‌ಬ್ರೈಡ್ ವಾಪಸ್ ಬೆಂಚಿಗೆ. ಅಕ್ಟೋಬರ್‌ನಲ್ಲಿ ಅರ್ಟ್ಜ್ ಮತ್ತೆ ಗಾಯಗೊಂಡ; ಆಮೇಲಿನ ಮೊದಲ ಪಂದ್ಯದಲ್ಲೇ ಮೆಕ್‌ಬ್ರೈಡ್ ಬಾಲ್ಟಿಮೋರ್ ವಿರುದ್ಧ 10 ಕ್ಯಾಚ್, 95 ಯಾರ್ಡ್, ಟಚ್‌ಡೌನ್. ವರ್ಷ ಮುಗಿಯುವಾಗ 81 ಕ್ಯಾಚ್, 825 ಯಾರ್ಡ್. 2024ರಲ್ಲಿ 111 ಕ್ಯಾಚ್, 1,146 ಯಾರ್ಡ್.

ಅದೇ 2024ರಲ್ಲಿ ವಾಷಿಂಗ್ಟನ್ ಬೆನ್ ಸಿನೊಟ್‌ನನ್ನು 53ನೇ ಪಿಕ್‌ಗೆ ತಂದಿತು. ಅಲ್ಲಿ ಟೈಟ್ ಎಂಡ್ ಯಾರು? ಅದೇ ಅರ್ಟ್ಜ್, 33ರ ಹರೆಯದಲ್ಲಿ. ಮುದುಕ, ಮುರಿದ ಮೊಣಕಾಲು, ಎರಡು ವಾರದಲ್ಲಿ ಸಿನೊಟ್ ಜಾಗ ಕಸಿಯುತ್ತಾನೆ ಅಂತ ಆಸೆಪಟ್ಟವರು ಬಹಳ. ಅರ್ಟ್ಜ್ 66 ಕ್ಯಾಚ್, 7 ಟಚ್‌ಡೌನ್. ಸಿನೊಟ್ 5 ಕ್ಯಾಚ್, 28 ಯಾರ್ಡ್. ಹಳಬನ ಕಾಲು ಸೋತಿರಬಹುದು, ಝೋನ್ ಓದುವ ಕಣ್ಣು ಸೋಲುವುದಿಲ್ಲ. ಕೋಚ್ ಕೊಡುವ ಸಂಬಳ ಆ ಕಣ್ಣಿಗೆ. ಆದ್ದರಿಂದ ಡೆಪ್ತ್ ಚಾರ್ಟ್‌ನಲ್ಲಿ (ಯಾರು ಮೊದಲು ಆಡುತ್ತಾರೆ ಅನ್ನುವ ತಂಡದ ಪಟ್ಟಿಯಲ್ಲಿ) ಹಳೇ ಹೆಸರಿದ್ದರೆ ವಯಸ್ಸು ನೋಡಿ ಹೊಡೆದುಹಾಕಬೇಡಿ. ಅವನ ಒಪ್ಪಂದ ನೋಡಿ, ಕೋಚ್ ಹಿಂದಿನ ತಂಡದಲ್ಲಿ ಅವನೊಂದಿಗೆ ಇದ್ದನೇ ನೋಡಿ. ವಾಷಿಂಗ್ಟನ್‌ನ ಆಫೆನ್ಸ್ ನಡೆಸುತ್ತಿದ್ದ ಕ್ಲಿಫ್ ಕಿಂಗ್ಸ್‌ಬರಿಯೇ ಅರಿಝೋನಾದಲ್ಲಿ ಅರ್ಟ್ಜ್‌ನ ಹೆಡ್ ಕೋಚ್ ಆಗಿದ್ದವನು. ಎರಡೂ ಕಡೆ ಅದೇ ಕೋಚ್, ಅದೇ ಹಳಬ, ಅಂಥದೇ ಎರಡನೇ ಸುತ್ತಿನ ರೂಕಿ.

ಟೈಟ್ ಎಂಡ್ ಒಬ್ಬನೇ ಗೋಡೆ ಅಂತಲ್ಲ. ಸ್ಲಾಟ್‌ನಲ್ಲಿ (ಲೈನ್‌ಗೂ ಹೊರಗಿನ ರಿಸೀವರ್‌ಗೂ ನಡುವಿನ ಜಾಗದಲ್ಲಿ) ಗಟ್ಟಿ ರಿಸೀವರ್ ಇದ್ದರೂ ಅದೇ ಕಥೆ, ಯಾಕೆಂದರೆ ಇಬ್ಬರೂ ಮೈದಾನದ ಒಂದೇ ತುಂಡು ನೆಲದಲ್ಲಿ ಬಾಳ್ವೆ ಮಾಡುವವರು. ಮತ್ತೆ, ಎರಡು ಟೈಟ್ ಎಂಡ್ ಇಳಿಸುವ 12 ಪರ್ಸನೆಲ್‌ನಲ್ಲಿ ಮಾತ್ರ ಕಾಣುವ ರೂಕಿಗೂ, ಮೂರು ರಿಸೀವರ್ ಇರುವ 11 ಪರ್ಸನೆಲ್‌ನಲ್ಲಿ ಒಂಟಿ ಟೈಟ್ ಎಂಡ್ ಆಗಿ ಉಳಿಯುವ ರೂಕಿಗೂ ಆಕಾಶ ಭೂಮಿ ಅಂತರ. ಪಾಸ್‌ಗಳಲ್ಲಿ ಹೆಚ್ಚಿನವು ಬರುವುದು 11ರಿಂದ. 2023ರಲ್ಲಿ ಬಫಲೋದ ರೂಕಿ ಡಾಲ್ಟನ್ ಕಿಂಕೇಡ್‌ಗೆ ಹಳೇ ಟೈಟ್ ಎಂಡ್ ಡಾಸನ್ ನಾಕ್ಸ್ ಇದ್ದೂ 73 ಕ್ಯಾಚ್ ಸಿಕ್ಕಿತು, ಏಕೆಂದರೆ ಅವನನ್ನು ಸ್ಲಾಟ್‌ನಲ್ಲಿ ರಿಸೀವರ್ ಥರ ನಿಲ್ಲಿಸಿದರು. ಆದರೆ ಗೋಲ್ ಲೈನ್ ಹತ್ತಿರ ಪಾಲುದಾರರು ಹೆಚ್ಚು: 2 ಟಚ್‌ಡೌನ್. 152.3 ಪಾಯಿಂಟ್, ಚೆನ್ನಾಗಿದೆ, ಲೀಗ್ ಗೆಲ್ಲಿಸುವಷ್ಟಲ್ಲ.

ಕಾಲೇಜಿನ ಅಂಕಿ ಓದುವ ಬಗೆ

ಕಾಲೇಜಿನ ಒಟ್ಟು ಯಾರ್ಡ್ ನೋಡಿ ಸಾಲು ಹಚ್ಚುವುದು ಸೋಮಾರಿತನ. ಲಪೋರ್ಟಾ 2022ರಲ್ಲಿ ಅಯೋವಾ ಪರ 58 ಕ್ಯಾಚ್, 657 ಯಾರ್ಡ್, ಒಂದೇ ಒಂದು ಟಚ್‌ಡೌನ್. ಮುಂದಿನ ವರ್ಷ ಎನ್‌ಎಫ್‌ಎಲ್‌ನಲ್ಲಿ ಹತ್ತು. ಅಯೋವಾದ ಪಾಸ್ ಆಟ ಆ ವರ್ಷ ನೋಡಲಾಗದಷ್ಟು ಸಪ್ಪೆ. ಇದ್ದಿದ್ದರಲ್ಲಿ ದೊಡ್ಡ ಪಾಲು ಅವನದೇ. ನೋಡಬೇಕಾದದ್ದು ಆ ಪಾಲು: ಆಟಗಾರನ ಯಾರ್ಡ್‌ನ್ನು ತಂಡದ ಒಟ್ಟು ಪಾಸಿಂಗ್ ಯಾರ್ಡ್‌ನಿಂದ ಭಾಗಿಸಿ. 2,200 ಯಾರ್ಡ್ ಎಸೆದ ತಂಡದಲ್ಲಿ 650 ಗಳಿಸಿದವನದು ಶೇ. 30ರ ಹತ್ತಿರ. 4,000 ಎಸೆದ ತಂಡದಲ್ಲಿ 800 ಗಳಿಸಿದವನದು ಶೇ. 20. ಪಟ್ಟಿಯಲ್ಲಿ ಎರಡನೆಯವನು ಮೇಲಿರುತ್ತಾನೆ, ನನ್ನ ಶೀಟ್‌ನಲ್ಲಿ ಮೊದಲನೆಯವನು. ಟೈಟ್ ಎಂಡ್‌ಗೆ ಶೇ. 20 ಒಳ್ಳೆಯದು, 25 ದಾಟುವುದು ವಿರಳ.

ಅದರ ಜೊತೆ ರೂಟ್‌ಗೆ ಯಾರ್ಡ್. ಕಾಲೇಜಿನಲ್ಲಿ 2.0 ದಾಟಿದವರನ್ನು ಗಂಭೀರವಾಗಿ ನೋಡಿ. ಇಲ್ಲೊಂದು ಕಲಬೆರಕೆ ಇದೆ: ಸ್ಕ್ರೀನ್ ಪಾಸ್. ಲೈನ್‌ನ ಹಿಂದೆ ಚೆಂಡು ಕೊಟ್ಟು ಮುಂದೆ ಇಬ್ಬರು ಬ್ಲಾಕರ್ ನಿಲ್ಲಿಸಿದರೆ ಯಾರಾದರೂ 9 ಯಾರ್ಡ್ ಓಡುತ್ತಾರೆ. ಸಾಧ್ಯವಾದರೆ ಸ್ಕ್ರೀನ್ ಕಳೆದು ನೋಡಿ. ಕಳೆದ ಮೇಲೂ ಅಂಕಿ ನಿಂತರೆ ಅದು ಹುಡುಗನದು, ಕುಸಿದರೆ ಕೋಚ್‌ನದು.

ಎದುರಾಳಿ ಯಾರು ಅನ್ನುವುದೂ ಮುಖ್ಯ. ಹೆರಾಲ್ಡ್ ಫ್ಯಾನಿನ್ 2024ರಲ್ಲಿ ಬೌಲಿಂಗ್ ಗ್ರೀನ್ ಪರ 117 ಕ್ಯಾಚ್, 1,555 ಯಾರ್ಡ್ ಹೊಡೆದ. ಸಣ್ಣ ಕಾನ್ಫರೆನ್ಸ್, ಬಡಪಾಯಿ ಡಿಫೆನ್ಸ್‌ಗಳ ಮೇಲೆ ಪೌರುಷ ಅಂತ ತಳ್ಳಿಹಾಕುವುದು ಸುಲಭ. ಆದರೆ ಅವನ ದೊಡ್ಡ ಪಂದ್ಯಗಳನ್ನು ಬೇರೆ ತೆಗೆದು ನೋಡಿ: ಪೆನ್ ಸ್ಟೇಟ್ ವಿರುದ್ಧ 11 ಕ್ಯಾಚ್, 137 ಯಾರ್ಡ್, ಟೆಕ್ಸಸ್ ಎ ಆ್ಯಂಡ್ ಎಂ ವಿರುದ್ಧ 8 ಕ್ಯಾಚ್, 145 ಯಾರ್ಡ್. ಸಣ್ಣ ಕಾಲೇಜಿನ ಹುಡುಗನನ್ನು ತೂಗುವುದು ಹೀಗೆ. ಎಲ್ಲ ಪಂದ್ಯದ ಸರಾಸರಿ ಬೇಡ, ಆ ಎರಡು ಮೂರು ಶನಿವಾರ ಸಾಕು. ಕ್ಲೀವ್‌ಲೆಂಡ್ ಅವನನ್ನು 67ನೇ ಪಿಕ್‌ಗೆ ತೆಗೆದುಕೊಂಡಿತು.

ವಯಸ್ಸು ಇನ್ನೊಂದು ಜರಡಿ. ಬವರ್ಸ್ 18ರಲ್ಲೇ, ಜಾರ್ಜಿಯಾದ ಮೊದಲ ವರ್ಷದಲ್ಲೇ 882 ಯಾರ್ಡ್, 13 ಟಚ್‌ಡೌನ್ ಹೊಡೆದವನು. ಐದನೇ ವರ್ಷದಲ್ಲಿ, 22 ತುಂಬಿದ ಮೇಲೆ ಅರಳಿದವನು ತನಗಿಂತ ಮೂರು ನಾಲ್ಕು ವರ್ಷ ಚಿಕ್ಕವರ ಮೇಲೆ ಆಡಿದ್ದಾನೆ ಅನ್ನುವುದು ನೆನಪಿರಲಿ. ಆದರೆ ತಡವಾಗಿ ಅರಳಿದ್ದೇಕೆ ಅಂತಲೂ ಕೇಳಿ. ಟೈಲರ್ ವಾರನ್ 2024ರಲ್ಲಿ ಪೆನ್ ಸ್ಟೇಟ್ ಪರ 104 ಕ್ಯಾಚ್, 1,233 ಯಾರ್ಡ್ ತೆಗೆದದ್ದು ಕೊನೆಯ ವರ್ಷದಲ್ಲಿ. ಅದರ ಹಿಂದಿನ ವರ್ಷ ಆ ಜಾಗ ಹಂಚಿಕೊಳ್ಳಲು ಥಿಯೋ ಜಾನ್ಸನ್ ಇದ್ದ, ಅವನೂ ಎನ್‌ಎಫ್‌ಎಲ್‌ಗೆ ಹೋದವನೇ. ಹೈಸ್ಕೂಲಿನಲ್ಲಿ ವಾರನ್ ಕ್ವಾರ್ಟರ್‌ಬ್ಯಾಕ್. ಇಂಥ ತಡಕ್ಕೆ ನಾನು ದಂಡ ಹಾಕುವುದಿಲ್ಲ.

ಓಟದ ವೇಗದ ಬಗ್ಗೆ ಎರಡೇ ಮಾತು. ತೂಕವನ್ನು 200ರಿಂದ ಗುಣಿಸಿ, 40 ಯಾರ್ಡ್ ಸಮಯದ ನಾಲ್ಕನೇ ಘಾತದಿಂದ ಭಾಗಿಸಿದರೆ ಬರುವುದು ಸ್ಪೀಡ್ ಸ್ಕೋರ್. ಜಾರ್ಜ್ ಕಿಟಲ್ 247 ಪೌಂಡ್, 4.52 ಸೆಕೆಂಡ್: 118. ಲಪೋರ್ಟಾ 245, 4.59: 110. ವರ್ನನ್ ಡೇವಿಸ್ 254, 4.38: 138, ಬೆಚ್ಚಿಬೀಳಿಸುವ ಅಂಕಿ. 2006ರಲ್ಲಿ 6ನೇ ಪಿಕ್ ಆದ ಡೇವಿಸ್‌ನ ರೂಕಿ ವರ್ಷ ಮಾತ್ರ ಗಾಯದ ನಡುವೆ 20 ಕ್ಯಾಚ್; 13 ಟಚ್‌ಡೌನ್ ಬರಲು 2009 ಆಗಬೇಕಾಯಿತು. ಬವರ್ಸ್ ಡ್ರಾಫ್ಟ್‌ಗೆ ಮೊದಲು 40 ಯಾರ್ಡ್ ಓಡಲೇ ಇಲ್ಲ. ಸ್ಪೀಡ್ ಸ್ಕೋರ್ 100ರ ಕೆಳಗಿದ್ದರೆ ಸ್ವಲ್ಪ ಅನುಮಾನ, ಮೇಲಿದ್ದರೆ ಸ್ವಲ್ಪ ಧೈರ್ಯ, ಅಷ್ಟಕ್ಕೆ ಬಿಡಿ.

ಡ್ರಾಫ್ಟ್ ಸ್ಥಾನ ಅಂದರೆ ತಂಡ ಎಷ್ಟು ತಾಳ್ಮೆ ಖರೀದಿಸಿದೆ ಅನ್ನುವ ರಸೀದಿ. ಮೊದಲ ಸುತ್ತಿನವನಿಗೆ ಎರಡು ಮೂರು ವರ್ಷ ಅವಕಾಶ ಖಾತ್ರಿ; ಮೊದಲ ವರ್ಷದ ಪಾಯಿಂಟ್ ಖಾತ್ರಿಯಲ್ಲ. 2014ರ 10ನೇ ಪಿಕ್ ಎರಿಕ್ ಈಬ್ರನ್ 25 ಕ್ಯಾಚ್. 2017ರ 19ನೇ ಪಿಕ್ ಓ.ಜೆ. ಹಾವರ್ಡ್ 26, ಏಕೆಂದರೆ ಟ್ಯಾಂಪಾದಲ್ಲಿ ಕ್ಯಾಮರನ್ ಬ್ರೇಟ್ ಕೂತಿದ್ದ. 2018ರಲ್ಲಿ ಬಾಲ್ಟಿಮೋರ್ 25ನೇ ಪಿಕ್‌ಗೆ ಹೇಡನ್ ಹರ್ಸ್ಟ್‌ನನ್ನೂ 86ನೇ ಪಿಕ್‌ಗೆ ಮಾರ್ಕ್ ಆ್ಯಂಡ್ರೂಸ್‌ನನ್ನೂ ತಂದಿತು. ದುಬಾರಿಯವನು ಕಾಲಿನ ಗಾಯದಿಂದ 13 ಕ್ಯಾಚ್‌ಗೆ ನಿಂತ. ಅಗ್ಗದವನು 34 ಕ್ಯಾಚ್‌ನಲ್ಲೇ 552 ಯಾರ್ಡ್ ತೆಗೆದ, ಕ್ಯಾಚ್‌ಗೆ 16ಕ್ಕೂ ಹೆಚ್ಚು. ಸಣ್ಣ ಕೆಲಸ, ದೊಡ್ಡ ಫಸಲು. ಮುಂದಿನ ವರ್ಷ ಆ್ಯಂಡ್ರೂಸ್ 64 ಕ್ಯಾಚ್, 852 ಯಾರ್ಡ್, 10 ಟಚ್‌ಡೌನ್.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ

ಪ್ರೀಸೀಸನ್ (ಸೀಸನ್‌ಗೆ ಮುಂಚಿನ ಅಭ್ಯಾಸ) ಪಂದ್ಯದಲ್ಲಿ ಕ್ಯಾಚ್ ಎಣಿಸಬೇಡಿ. ಸ್ಟಾರ್ಟರ್ ಕ್ವಾರ್ಟರ್‌ಬ್ಯಾಕ್ ಮೈದಾನದಲ್ಲಿರುವ ಆ ಹತ್ತು ಹದಿನೈದು ಸ್ನ್ಯಾಪ್ ಮಾತ್ರ ನೋಡಿ. ಥರ್ಡ್ ಡೌನ್‌ನಲ್ಲಿ ಹುಡುಗ ಉಳಿದನೇ? ಎರಡು ನಿಮಿಷದ ಡ್ರಿಲ್‌ನಲ್ಲಿ ಉಳಿದನೇ? ಮೂರನೇ ಕ್ವಾರ್ಟರ್‌ನಲ್ಲಿ ಮೀಸಲು ಆಟಗಾರರ ಜೊತೆ 5 ಕ್ಯಾಚ್ ಹಿಡಿದನೆಂದರೆ ಅದು ಕೆಟ್ಟ ಸುದ್ದಿ, ಅಲ್ಲಿಯವರೆಗೆ ಅವನನ್ನು ಆಡಿಸುತ್ತಿದ್ದಾರೆ ಅಂತ ಅರ್ಥ. ಸ್ಟಾರ್ಟರ್‌ಗಳ ಜೊತೆ ಒಂದೂ ಕ್ಯಾಚ್ ಇಲ್ಲದೆ ಬೇಗ ಟೋಪಿ ಹಾಕಿಕೊಂಡು ಕೂತನೆಂದರೆ ಒಳ್ಳೆಯ ಸುದ್ದಿ. ಕ್ಯಾಂಪ್‌ನಿಂದ ಬರುವ "ಎಲ್ಲರ ಬಾಯಲ್ಲೂ ಇವನದೇ ಮಾತು" ಥರದ ವರದಿಗೆ ನಾನು ಸೊನ್ನೆ ಅಂಕ ಕೊಡುತ್ತೇನೆ. ಆಗಸ್ಟ್‌ನಲ್ಲಿ ಎಲ್ಲ ತಂಡದ ರೂಕಿಯೂ ಚಿನ್ನವೇ.

ಪ್ರತಿ ವರ್ಷ ಹೊಸದಾಗಿ ತಂಡ ಕಟ್ಟುವ ರೀಡ್ರಾಫ್ಟ್ ಲೀಗ್‌ನಲ್ಲಿ ರೂಕಿ ಟೈಟ್ ಎಂಡ್‌ಗೆ ಕೊನೆಯ ಮೂರು ಸುತ್ತಿನ ಬೆಲೆ ಸಾಕು. ಕುರ್ಚಿ ಖಾಲಿ, ಎರಡನೇ ಟಾರ್ಗೆಟ್ ಜಾಗ ಖಾಲಿ, ಡ್ರಾಫ್ಟ್‌ನಲ್ಲಿ ಮೊದಲ 40ರೊಳಗೆ ಹೋದವನು, ಈ ಮೂರೂ ಕೂಡಿದರೆ ಇನ್ನೆರಡು ಸುತ್ತು ಮೇಲೇರಬಹುದು. ಅವನ ಜೊತೆ ಬೇಸರದ ಆದರೆ ಭರವಸೆಯ ಒಬ್ಬ ಹಳಬನನ್ನು ಇಟ್ಟುಕೊಳ್ಳಿ. ಮೂರು ವಾರದ ಗಡುವು ಹಾಕಿ. ರೂಟ್ ಪಾಲು 60 ಮುಟ್ಟದಿದ್ದರೆ ಬಿಟ್ಟುಬಿಡಿ, ಬೆಂಚಿನ ಜಾಗಕ್ಕೂ ಬಾಡಿಗೆ ಇದೆ.

ಮೊದಲ ವಾರದ ಸಿಡಿಲು ಇನ್ನೊಂದು ಬಲೆ. 2019ರ ಮೊದಲ ವಾರ ಅರಿಝೋನಾ ವಿರುದ್ಧ 27-27ರ ಟೈ ಪಂದ್ಯದಲ್ಲಿ ಹಾಕೆನ್ಸನ್ 6 ಕ್ಯಾಚ್, 131 ಯಾರ್ಡ್, ಟಚ್‌ಡೌನ್: 25.1 ಪಾಯಿಂಟ್. ಮಂಗಳವಾರ ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದ ಆಟಗಾರರಿಗೆ ಬಿಡ್ ಹಾಕುವ ಕಡೆ) ಹಣ ಹೊಳೆಯಾಗಿ ಹರಿಯುವುದು ಇಂಥ ಸಾಲು ನೋಡಿಯೇ. ಉಳಿದ 11 ಪಂದ್ಯ ಸೇರಿಸಿದರೆ 55.6, ಅಂದರೆ ಪಂದ್ಯಕ್ಕೆ 5. ಇಂಥ ದಿನ ಬಿಡ್ ಹಾಕುವ ಮೊದಲು ಎರಡು ವಿಷಯ ತೆಗೆದು ನೋಡಿ: ಯಾರ್ಡ್‌ಗಳಲ್ಲಿ ಎಷ್ಟು ಒಂದೆರಡು ಉದ್ದದ ಕ್ಯಾಚ್‌ನಿಂದ ಬಂದವು, ಮತ್ತು ಓವರ್‌ಟೈಮ್ ಸೇರಿ ತಂಡ ಎಷ್ಟು ಪಾಸ್ ಎಸೆಯಿತು. ರೂಟ್ ಪಾಲು 75 ದಾಟಿದ್ದರೆ ಬಜೆಟ್‌ನ ಶೇ. 10-15 ಕೊಡಿ. ಇಲ್ಲದಿದ್ದರೆ ಶೇ. 3, ಸಿಕ್ಕರೆ ಸಿಗಲಿ.

ಟಚ್‌ಡೌನ್ ಎರಡೂ ದಿಕ್ಕಿನಲ್ಲಿ ಸುಳ್ಳು ಹೇಳುತ್ತದೆ. ಲಪೋರ್ಟಾನ 10 ಟಚ್‌ಡೌನ್ 8.6 ಕ್ಯಾಚ್‌ಗೆ ಒಂದರಂತೆ ಬಂದವು. 2024ರಲ್ಲಿ ಅವನನ್ನು ಆ ಬೆಲೆಗೇ ಕೊಂಡವರಿಗೆ 60 ಕ್ಯಾಚ್, 726 ಯಾರ್ಡ್, 7 ಟಚ್‌ಡೌನ್, 174.6 ಪಾಯಿಂಟ್ ಸಿಕ್ಕಿತು. ಕೈಲ್ ಪಿಟ್ಸ್‌ನದು ತಿರುಗುಮುರುಗು. 2021ರಲ್ಲಿ ಅಟ್ಲಾಂಟಾ ಅವನನ್ನು 4ನೇ ಪಿಕ್‌ಗೆ ಕೊಂಡಿತು, ಯಾವ ಟೈಟ್ ಎಂಡೂ ಅಷ್ಟು ಮೇಲೆ ಹೋಗಿರಲಿಲ್ಲ. 68 ಕ್ಯಾಚ್, 1,026 ಯಾರ್ಡ್, ಒಂದು ಟಚ್‌ಡೌನ್. "ಟಚ್‌ಡೌನ್ ತಾನಾಗಿ ಬರುತ್ತದೆ" ಅಂತ ಮುಂದಿನ ವರ್ಷ ಎಲ್ಲರೂ ಹಣ ಸುರಿದರು. ಅಷ್ಟರಲ್ಲಿ ಮ್ಯಾಟ್ ರಯನ್ ಇಂಡಿಯಾನಪೊಲಿಸ್‌ಗೆ ಹೋಗಿದ್ದ. ಮಾರ್ಕಸ್ ಮರಿಯೋಟಾ, ರಿಡರ್ ಸೇರಿ ಇಡೀ ವರ್ಷ ಎಸೆದದ್ದು 415 ಪಾಸ್, ರಯನ್ ಒಬ್ಬನೇ ಹಿಂದಿನ ವರ್ಷ ಎಸೆದದ್ದು 560. ಪಿಟ್ಸ್ 10 ಪಂದ್ಯದಲ್ಲಿ 28 ಕ್ಯಾಚ್‌ಗೆ ಇಳಿದ. ಟಚ್‌ಡೌನ್ ಸರಾಸರಿಗೆ ಮರಳಬಹುದು, ಆದರೆ ಮರಳಲು ಚೆಂಡೇ ಬರದಿದ್ದರೆ?

ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಡೈನಸ್ಟಿ ಲೀಗ್ ಆಡುವವರಿಗೆ ಹೇಳುವುದು ಬೇರೆ. ಅಲ್ಲಿ ರೂಕಿ ಡ್ರಾಫ್ಟ್‌ನಲ್ಲಿ ದುಬಾರಿ ಟೈಟ್ ಎಂಡ್ ಕೊಳ್ಳುವುದಕ್ಕಿಂತ, ಮೊದಲ ವರ್ಷ ಸೋತ ಟೈಟ್ ಎಂಡ್‌ನನ್ನು ಬೇರೆಯವರಿಂದ ಕೊಳ್ಳುವುದು ಲಾಭ. ಕಿಟಲ್ 43ರಿಂದ 88 ಕ್ಯಾಚ್‌ಗೆ ಹಾರಿದ್ದು ಎರಡನೇ ವರ್ಷ. ಟ್ರಾವಿಸ್ ಕೆಲ್ಸಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಮೊದಲ ವರ್ಷ ಒಂದೂ ಕ್ಯಾಚ್ ಹಿಡಿಯದೆ, ಎರಡನೇ ವರ್ಷ 67 ಹಿಡಿದ. ಟೈಟ್ ಎಂಡ್ ಪ್ರೀಮಿಯಂ ಇರುವ ಲೀಗ್‌ನಲ್ಲಿ, ಕ್ಯಾಚ್‌ಗೆ 1.5 ಪಾಯಿಂಟ್ ಲೆಕ್ಕದಲ್ಲಿ, ಬವರ್ಸ್‌ನ ರೂಕಿ ವರ್ಷ 261.4ರಿಂದ 317.4ಕ್ಕೆ ಏರುತ್ತದೆ, ಅಲ್ಲಿ ಕಾಯುವುದಕ್ಕೆ ಇನ್ನಷ್ಟು ಅರ್ಥ ಇದೆ.

ಹಾಗಾದರೆ ಯಾವಾಗ ಕೊಳ್ಳುವುದು? ನಿಮ್ಮ ಲೀಗ್‌ನ ಪ್ಲೇಆಫ್ ನಡೆಯುವ ಡಿಸೆಂಬರ್‌ನಲ್ಲಿ ಎನ್‌ಎಫ್‌ಎಲ್‌ನ ಸೋತ ತಂಡಗಳ ಟೈಟ್ ಎಂಡ್‌ಗಳ ರೂಟ್ ಪಾಲು ನೋಡಿ. ಮೆಕ್‌ಬ್ರೈಡ್ 2023ರ ಜನವರಿ 1ರಂದು ಅಟ್ಲಾಂಟಾ ವಿರುದ್ಧ 7 ಕ್ಯಾಚ್, 78 ಯಾರ್ಡ್, ಟಚ್‌ಡೌನ್ ಹೊಡೆದಾಗ ಹೆಚ್ಚಿನವರ ಕಣ್ಣು ಬೇರೆಲ್ಲೋ ಇತ್ತು. ಆ ವಾರದಿಂದ ಮಾರ್ಚ್ ಮಧ್ಯದ ಫ್ರೀ ಏಜೆನ್ಸಿವರೆಗೆ (ಒಪ್ಪಂದ ಮುಗಿದ ಆಟಗಾರರನ್ನು ತಂಡಗಳು ಕೊಳ್ಳುವ ಹೊತ್ತು) ಬೆಲೆ ಕೆಳಗಿರುತ್ತದೆ. ಮಾರ್ಚ್‌ನಲ್ಲಿ ತಂಡ ಹಳಬನೊಬ್ಬನಿಗೆ ಎರಡು ವರ್ಷದ ಒಪ್ಪಂದ ಕೊಟ್ಟರೆ ನಿಮ್ಮ ಬಿಡ್ ಅರ್ಧಕ್ಕೆ ಇಳಿಸಿ. ಯಾರನ್ನೂ ತರದೆ ಕೂತರೆ, ಏಪ್ರಿಲ್‌ನ ಡ್ರಾಫ್ಟ್ ಮುಗಿಯುವ ಮೊದಲೇ ಕೈ ಹಾಕಿ.